ಒಲೆಗೆ ಹಾರಿದ ಕಪ್ಪೆಗಳು, ಕೂಗಿಟ್ಟ ಮೋಶೆ

ಬೈಬಲ್ಲಿನ ವಿಮೋಚನಕಾಂಡ ಹೇಳುವ ಹತ್ತು ಬಾಧೆಗಳಲ್ಲಿ ಎರಡನೆಯದು ಕಪ್ಪೆಗಳದು. ಕನ್ನಡ ಬೈಬಲ್ಲಿನಲ್ಲಿ ಇದು 8ನೆಯ ಅಧ್ಯಾಯದ ಮೊದಲ 15 ವಚನಗಳಲ್ಲಿ ಮುಗಿಯುತ್ತದೆ. ಹೀಬ್ರೂ ಪ್ರತಿಗಳಲ್ಲಿ ಅದೇ ಭಾಗ 7ನೆಯ ಅಧ್ಯಾಯದ 26ನೆಯ ವಚನದಿಂದ ಶುರುವಾಗುತ್ತದೆ. ಗುಲಾಮರಾಗಿದ್ದ ಇಸ್ರಾಯೇಲ್ಯರನ್ನು ಬಿಟ್ಟುಕೊಡಲು ಈಜಿಪ್ಟಿನ ದೊರೆ ಫರೋಹ ಒಪ್ಪುವುದಿಲ್ಲ. ಮೋಶೆಯ ಅಣ್ಣ ಆರೋನ ನೀರಿನ ಮೇಲೆ ಕೈ ಚಾಚುತ್ತಾನೆ. ನೈಲ್ ನದಿಯಿಂದ ಎದ್ದ ಕಪ್ಪೆಗಳು ಅರಮನೆ, ಮಲಗುವ ಕೋಣೆ, ಹಾಸಿಗೆ, ಸೇವಕರ ಮನೆ, ಒಲೆ, ಹಿಟ್ಟು ನಾದುವ ಮರಿಗೆ ಯಾವುದನ್ನೂ ಬಿಡದೆ ನುಗ್ಗುತ್ತವೆ. ಆಸ್ಥಾನದ ಮಂತ್ರವಾದಿಗಳೂ ತಮ್ಮ ವಿದ್ಯೆಯಿಂದ ಕಪ್ಪೆಗಳನ್ನು ಬರಿಸಿ ತೋರಿಸುತ್ತಾರೆ. ಇದ್ದವುಗಳ ಜೊತೆಗೆ ಇನ್ನಷ್ಟು ಸೇರಿಕೊಂಡವೇ ಹೊರತು ಒಂದನ್ನಾದರೂ ಓಡಿಸಲು ಅವರಿಂದ ಆಗುವುದಿಲ್ಲ. ಆಗ ಫರೋಹ ಮೊದಲ ಬಾರಿಗೆ ಮೋಶೆಯನ್ನು ಕರೆಸಿ, ನನಗಾಗಿ ನಿನ್ನ ದೇವರನ್ನು ಬೇಡು ಎನ್ನುತ್ತಾನೆ. ಮೋಶೆ ಹೊರಗೆ ಹೋಗಿ ದೇವರಿಗೆ ಕೂಗಿಕೊಳ್ಳುತ್ತಾನೆ. ಮನೆ, ಅಂಗಳ, ಹೊಲಗಳಲ್ಲಿದ್ದ ಕಪ್ಪೆಗಳು ಸಾಯುತ್ತವೆ. ಜನ ಅವನ್ನು ಗುಡ್ಡೆ ಹಾಕುತ್ತಾರೆ, ದೇಶವೆಲ್ಲ ನಾರುತ್ತದೆ. ಬಿಡುವು ಸಿಕ್ಕಿತೆಂದು ಕಂಡೊಡನೆ ಫರೋಹನ ಮನಸ್ಸು ಮತ್ತೆ ಕಲ್ಲಾಗುತ್ತದೆ.

ಹತ್ತರಲ್ಲಿ ಇದೊಂದು ಬಾಧೆಗೆ ನಗೆಯ ಲೇಪವಿದೆ. ರಾಜನ ಹಾಸಿಗೆಯಲ್ಲಿ ಕಪ್ಪೆ ಎಂದರೆ ಮಕ್ಕಳು ಈಗಲೂ ನಗುತ್ತಾರೆ. ಆದರೆ ಯೆಹೂದಿ ವ್ಯಾಖ್ಯಾನ ಪರಂಪರೆ ಸುಮಾರು ಎರಡು ಸಾವಿರ ವರ್ಷ ಈ 15 ವಚನಗಳಲ್ಲಿ ಹುಡುಕಿದ್ದು ನಗೆಯನ್ನಲ್ಲ. ಕಪ್ಪೆಗಳು ಒಲೆಯನ್ನೂ ಹೊಕ್ಕವು ಎಂಬ ಒಂದು ವಿವರದಿಂದ ಪ್ರಾಣತ್ಯಾಗದ ಚರ್ಚೆ ಬೆಳೆಯಿತು. ಮೋಶೆ ಬೇಡಿಕೊಳ್ಳಲಿಲ್ಲ, ಕೂಗಿದ ಎಂಬ ಇನ್ನೊಂದು ವಿವರದಿಂದ ಪ್ರಾರ್ಥನೆಯ ಚರ್ಚೆ ಬೆಳೆಯಿತು. ಎರಡೂ ಚರ್ಚೆಗಳು ಪುಸ್ತಕದ ಪುಟದಲ್ಲೇ ಹುಟ್ಟಿ ಪುಟದಲ್ಲೇ ಉಳಿದವಲ್ಲ. ರೋಮ್, ರೈನ್ ನದಿಯ ದಂಡೆ, ಮೊರಾಕೊ, ಪೋಲೆಂಡ್ ಹೀಗೆ ಆಯಾ ಕಾಲದ ಯೆಹೂದ್ಯರು ಎದುರಿಸಿದ ಪ್ರಶ್ನೆಗಳು ಅವುಗಳೊಳಗೆ ಸೇರಿಕೊಂಡಿವೆ.

ಬೈಬಲ್ಲಿನೊಳಗೇ ಕಪ್ಪೆಗಳ ನೆನಪು ಮುಂದುವರಿಯುತ್ತದೆ. 78 ಮತ್ತು 105ನೆಯ ಕೀರ್ತನೆಗಳು ಬಾಧೆಗಳನ್ನು ಎಣಿಸುವಾಗ ಕಪ್ಪೆಗಳನ್ನು ಹೆಸರಿಸುತ್ತವೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸ್, ಕಪ್ಪೆಗಳಿಂದ ಊಟ, ನೀರು, ಮನೆಯ ಪಾತ್ರೆಪಗಡ ಎಲ್ಲವೂ ಕೆಟ್ಟು ಹೋದುದನ್ನು ವರ್ಣಿಸುತ್ತಾನೆ. ಅಲ್ಲಿ ಕಪ್ಪೆ ಬರೀ ಹೇಸಿಗೆ ಹುಟ್ಟಿಸುವ ಪ್ರಾಣಿ. ಅದಕ್ಕೊಂದು ಮನಸ್ಸು, ಒಂದು ನಿರ್ಧಾರ ಬಂದದ್ದು ಯೆಹೂದಿ ಧರ್ಮಪಂಡಿತರಾದ ರಬ್ಬಿಗಳ ಕೈಯಲ್ಲಿ.

ರಬ್ಬಿಗಳನ್ನು ಮೊದಲು ಕಾಡಿದ್ದು ಒಂದು ಏಕವಚನ. 8:6ರ ಹೀಬ್ರೂ ಮೂಲದಲ್ಲಿ ನೀರಿನಿಂದ ಎದ್ದು ಬಂದದ್ದು ಒಂದೇ ಕಪ್ಪೆ. ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಬ್ಯಾಬಿಲೋನಿನ ತಾಲ್ಮುಡ್‌ನ ಸನ್ಹೆಡ್ರಿನ್ ಸಂಪುಟದಲ್ಲಿ (67ನೆಯ ಹಾಳೆ) ಇದರ ಬಗ್ಗೆ ಒಂದು ಜಗಳವೇ ದಾಖಲಾಗಿದೆ. ಒಂದೇ ಕಪ್ಪೆ ಮರಿ ಹಾಕುತ್ತ ಹೋಗಿ ಈಜಿಪ್ಟನ್ನೆಲ್ಲ ತುಂಬಿತು ಎಂದವನು ರಬ್ಬಿ ಅಕೀವ. ಅವನ ಸಮಕಾಲೀನ ಎಲಾಜಾರ್ ಬೆನ್ ಅಜರ್ಯನಿಗೆ ಇದು ಹಿಡಿಸಲಿಲ್ಲ. ಕಥೆ ಹೇಳುವುದು ನಿನ್ನ ಕೆಲಸವಲ್ಲ, ಕುಷ್ಠ ಮತ್ತು ಹೆಣದ ಮೈಲಿಗೆಯ ಕಾನೂನುಗಳ ಕಡೆ ಹೋಗು ಎಂದು ಅಕೀವನನ್ನು ಗದರಿಸಿ, ಒಂದು ಕಪ್ಪೆ ಬಂದು ಸಿಳ್ಳು ಹಾಕಿ ಉಳಿದವನ್ನು ಕರೆಯಿತು ಎಂದು ತಾನೂ ಒಂದು ಕಥೆಯನ್ನೇ ಹೇಳಿದ! ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ಟ್ರ್ವಾ ಊರಿನ ಮಹಾ ವ್ಯಾಖ್ಯಾನಕಾರ ರಷಿ (1040–1105) ಇನ್ನೊಂದು ರೂಪವನ್ನು ಕೊಟ್ಟ: ಕಪ್ಪೆ ಒಂದೇ ಇತ್ತು, ಈಜಿಪ್ಟಿನವರು ಅದಕ್ಕೆ ಹೊಡೆದಷ್ಟೂ ಅದರಿಂದ ಹಿಂಡು ಹಿಂಡಾಗಿ ಕಪ್ಪೆಗಳು ಸುರಿದವು. ಆದರೆ ಅವನು ಜಾಣ. ಇದು ಕಥೆಗಾರರ ಮಾತು, ಸರಳಾರ್ಥದಲ್ಲಿ ಕಪ್ಪೆಗಳ ಹಿಂಡಿಗೇ ಏಕವಚನ ಬಳಸಿದೆ ಎಂದು ಅದರ ಬೆನ್ನಿಗೇ ಬರೆದಿಟ್ಟ.

ಈ ಕಥೆ ಚಿತ್ರಕಾರರಿಗೆ ಬಹಳ ಹಿಡಿಸಿತು. 1320ರ ಸುಮಾರಿಗೆ ಕ್ಯಾಟಲೋನಿಯಾದಲ್ಲಿ ಸಿದ್ಧವಾದ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ‘ಗೋಲ್ಡನ್ ಹಗ್ಗಾದಾ’ ಎಂಬ, ಈಜಿಪ್ಟಿನಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ಹಸ್ತಪ್ರತಿಯ ಚಿನ್ನದ ಹಿನ್ನೆಲೆಯ ಚೌಕಗಳಲ್ಲಿ ಬಾಧೆಗಳು ಒಂದಾದ ಮೇಲೊಂದು ಬರುತ್ತವೆ. ಕಪ್ಪೆಗಳ ಚೌಕದಲ್ಲಿ ಒಂದು ದೊಡ್ಡ ಕಪ್ಪೆಯಿಂದ ಚಿಕ್ಕ ಕಪ್ಪೆಗಳು ಹೊರಬರುತ್ತಿರುವುದನ್ನು ಕಲಾವಿದ ಬಿಡಿಸಿದ್ದಾನೆ. ಅವನು ಕುಂಚ ಹಿಡಿದು ಓದಿದ್ದು ಬೈಬಲ್ಲಿನ ವಚನವನ್ನಲ್ಲ, ರಬ್ಬಿಗಳ ಕಥೆಯನ್ನು.

ಬಂದದ್ದು ಕಪ್ಪೆಯೇ ಅಲ್ಲ, ಮೊಸಳೆ ಎಂದವರೂ ಉಂಟು. ಹನ್ನೊಂದನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಕೈರುವಾನ್ ಪಟ್ಟಣದಲ್ಲಿದ್ದ ರಬ್ಬೇನು ಹನನೇಲ್ ಹಾಗೆ ಅರ್ಥ ಮಾಡಿದ. ನೈಲ್ ನದಿಯಲ್ಲಿ ಮಾತ್ರ ಅವು ಉಳಿಯಲಿ ಎಂದು ಮೋಶೆ ಹೇಳಿದ್ದರಿಂದಲೇ ಅಲ್ಲಿ ಇಂದಿಗೂ ಮೊಸಳೆಗಳಿವೆ ಎಂಬುದು ಅವನ ತರ್ಕ. ನೈಲ್ ತೀರದ ಜೀವನ ಬಲ್ಲವರಿಗೆ ಮೊಸಳೆ ಹೆಚ್ಚು ಭಯಂಕರವಾಗಿ ಕಂಡಿರಬಹುದು. ಆದರೆ ಹಿಟ್ಟು ನಾದುವ ಮರಿಗೆಯಲ್ಲಿ ಮೊಸಳೆ ಹಿಡಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಅರ್ಥದಲ್ಲಿ ಉತ್ತರ ಸುಲಭವಲ್ಲ, ಹೆಚ್ಚಿನವರು ಕಪ್ಪೆಯನ್ನೇ ಉಳಿಸಿಕೊಂಡರು.

ಮಧ್ಯಯುಗದಲ್ಲಿ ಸಂಕಲನಗೊಂಡ ‘ಶೆಮೋತ್ ರಬ್ಬಾ’ ಎಂಬ ಮಿದ್ರಾಶ್ (ಬೈಬಲ್ಲಿನ ಮೇಲಿನ ರಬ್ಬಿಗಳ ವ್ಯಾಖ್ಯಾನ) ಗ್ರಂಥ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಿರಿವಂತರ ಅಮೃತಶಿಲೆಯ ಮನೆಗಳಿಗೆ ಕಪ್ಪೆಗಳು ಹೇಗೆ ಹೊಕ್ಕವು? ಕಪ್ಪೆ ಕಲ್ಲಿನ ಮುಂದೆ ನಿಂತು, ನನ್ನನ್ನು ಸೃಷ್ಟಿಸಿದವನ ಇಚ್ಛೆ ನಡೆಸಬೇಕು, ದಾರಿ ಬಿಡು ಎಂದಿತಂತೆ, ಕಲ್ಲು ಬಿರಿಯಿತಂತೆ. ಹೆಂಗಸು ಹಿಟ್ಟು ನಾದಿ ಒಲೆ ಹೊತ್ತಿಸಿದರೆ ಕಪ್ಪೆ ಹಿಟ್ಟಿಗೆ ಹಾರಿ ತಿನ್ನುತ್ತಿತ್ತು, ಹಿಟ್ಟಿನ ಜೊತೆ ಒಲೆಗೂ ಇಳಿದು ರೊಟ್ಟಿಗೆ ಅಂಟಿಕೊಳ್ಳುತ್ತಿತ್ತು ಎಂದೂ ಈ ಗ್ರಂಥ ಹೇಳುತ್ತದೆ. ಈ ಹೊತ್ತಿಗೆ ಕಪ್ಪೆ ಬರೀ ಪಿಡುಗಲ್ಲ, ಅಪ್ಪಣೆ ಹೊತ್ತು ಬಂದ ದೂತ.

ಕಪ್ಪೆಯ ಪ್ರಾಣತ್ಯಾಗದ ಮಾತನ್ನು ತಾಲ್ಮುಡ್ ಹೊರಿಸುವುದು ಥೊದೋಸ್ ಎಂಬ ರೋಮ್ ನಗರದ ಯೆಹೂದಿ ಮುಖಂಡನ ಮೇಲೆ. ಅವನು ಪಸ್ಕ ಸಂಪುಟದ 53ನೆಯ ಹಾಳೆಯಲ್ಲಿ ಬರುವುದು ಊಟದ ತಕರಾರಿನೊಂದಿಗೆ. ಯೆರೂಸಲೇಮಿನ ದೇವಾಲಯ ಇದ್ದಾಗ ಪಸ್ಕದ ಬಲಿಯ ಮರಿಯನ್ನು ಕಾಲು, ಕರುಳುಗಳ ಸಮೇತ ಇಡಿಯಾಗಿ ಸುಡುತ್ತಿದ್ದರು. ಬಲಿ ನಡೆಯಬಹುದಾದದ್ದು ಯೆರೂಸಲೇಮಿನಲ್ಲಿ ಮಾತ್ರ. ಥೊದೋಸ್ ರೋಮಿನ ಯೆಹೂದ್ಯರಿಗೆ ಹಬ್ಬದ ರಾತ್ರಿ ಅದೇ ರೀತಿ ಸುಟ್ಟ ಆಡಿನ ಮರಿಯನ್ನು ತಿನ್ನುವ ರೂಢಿ ಮಾಡಿಸಿದ. ಪಂಡಿತರಿಗೆ ಸಿಟ್ಟು ಬಂತು. ನೀನು ಥೊದೋಸ್ ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ ಬಹಿಷ್ಕಾರ ಹಾಕುತ್ತಿದ್ದೆವು ಎಂದು ಹೇಳಿ ಕಳಿಸಿದರು. ಇಲ್ಲಿ ತಾಲ್ಮುಡ್ ಒಂದು ಒಗರು ಪ್ರಶ್ನೆ ಎತ್ತುತ್ತದೆ: ಅವನನ್ನು ಬಿಟ್ಟದ್ದು ಅವನು ದೊಡ್ಡ ವಿದ್ವಾಂಸನಾಗಿದ್ದಕ್ಕೋ, ತೋಳ್ಬಲದವನಾಗಿದ್ದಕ್ಕೋ? ವಿದ್ವಾಂಸನೇ ಎನ್ನುವುದಕ್ಕೆ ಸಾಕ್ಷಿಯಾಗಿ ಅವನ ಕಪ್ಪೆಯ ಪ್ರವಚನವನ್ನು ಮುಂದಿಡುತ್ತದೆ. ಕೊನೆಗೆ ಇನ್ನೊಬ್ಬ ರಬ್ಬಿ, ಅವನು ಪಂಡಿತರಿಗೆ ವ್ಯಾಪಾರದ ಸರಕು ಒದಗಿಸಿ ಅವರ ಹೊಟ್ಟೆಪಾಡಿಗೆ ದಾರಿ ಮಾಡಿದ್ದ ಎಂಬ ಮೂರನೆಯ ಕಾರಣವನ್ನೂ ಸೇರಿಸುತ್ತಾನೆ. ಪರಂಪರೆಯ ಅತಿ ಗಂಭೀರವಾದ ಒಂದು ಮಾತು ಹೀಗೆ ಮಾಂಸದ ಜಗಳ ಮತ್ತು ಹಣದ ಗುಟ್ಟಿನ ನಡುವೆ ಬಂದಿರುವುದು ತಾಲ್ಮುಡ್‌ನ ಸ್ವಭಾವಕ್ಕೆ ತಕ್ಕದ್ದೇ.

ಪ್ರವಚನದ ವಿಷಯ ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯದ್ದು. ಬ್ಯಾಬಿಲೋನಿನ ರಾಜ ನೆಬೂಕದ್ನೆಚ್ಚರ ಬಂಗಾರದ ಪ್ರತಿಮೆ ನಿಲ್ಲಿಸಿ ಎಲ್ಲರೂ ಅಡ್ಡಬೀಳಬೇಕೆಂದು ಆಜ್ಞೆ ಮಾಡುತ್ತಾನೆ. ಹನನ್ಯ, ಮೀಶಾಯೇಲ, ಅಜರ್ಯ ಎಂಬ ಮೂವರು ಯೆಹೂದಿ ಯುವಕರು ಒಪ್ಪದೆ ಉರಿಯುವ ಆವಿಗೆಗೆ ಬೀಳುತ್ತಾರೆ, ಸುಡದೆ ಹೊರಬರುತ್ತಾರೆ. ಅವರು ಏನನ್ನು ಕಂಡು ಹಾಗೆ ಮಾಡಿದರು ಎಂಬುದು ಥೊದೋಸನ ಪ್ರಶ್ನೆ. ಅವರು ಕಪ್ಪೆಗಳಿಂದ ತರ್ಕ ಮಾಡಿದರು ಎಂಬುದು ಅವನ ಉತ್ತರ. ದೇವರ ಹೆಸರಿನ ಪಾವಿತ್ರ್ಯಕ್ಕಾಗಿ ಪ್ರಾಣ ಕೊಡಬೇಕೆಂಬ ವಿಧಿ ಕಪ್ಪೆಗಳಿಗಿಲ್ಲ. ಆದರೂ ಅವು ಒಲೆಗೆ ಹಾರಿದವು. ಆ ವಿಧಿ ಇರುವ ನಾವು ಹಿಂಜರಿಯುವುದೇ? ನಮ್ಮ ತರ್ಕಶಾಸ್ತ್ರ ಇದನ್ನು ಕೈಮುತಿಕ ನ್ಯಾಯ ಎನ್ನುತ್ತದೆ. ಕಡಿಮೆಯದಕ್ಕೇ ಸಲ್ಲುವುದು ಹೆಚ್ಚಿನದಕ್ಕೆ ಸಲ್ಲದೆ ಇರುತ್ತದೆಯೇ ಎಂಬ ವಾದಸರಣಿ. ರಬ್ಬಿಗಳ ವಾದದಲ್ಲೂ ಇದು ದಿನನಿತ್ಯ ಬಳಸುವ ಆಯುಧ.

ಒಲೆ ಕಾದಿತ್ತು ಎಂಬುದಕ್ಕೆ ಆಧಾರವೇನು? ವಚನ ಹೇಳುವುದು ಬರೀ ಒಲೆ ಎಂದು. ಅಲ್ಲಿ ಥೊದೋಸ್ ಅಡುಗೆಮನೆಯ ತಿಳಿವಳಿಕೆಯಿಂದ ಅರ್ಥ ಬಿಡಿಸುತ್ತಾನೆ. ಆ ಕಾಲದ ಒಲೆ ಮಣ್ಣಿನ ದೊಡ್ಡ ಕೊಳವೆಯಂಥದ್ದು, ಇಂದಿನ ತಂದೂರಿನ ಹಾಗೆ: ತಳದಲ್ಲಿ ಬೆಂಕಿ ಹಾಕಿ ಗೋಡೆ ಕಾಯಿಸಿ, ಹಿಟ್ಟನ್ನು ತಟ್ಟಿ ಒಳಗೋಡೆಗೆ ಅಂಟಿಸಬೇಕು. ಗೋಡೆ ಸರಿಯಾಗಿ ಕಾದಾಗ ಹಿಟ್ಟು ಕೈಯಳತೆಯಲ್ಲಿ ಇರಲೇಬೇಕು, ಅದಕ್ಕಾಗಿ ಮರಿಗೆಯನ್ನು ಒಲೆಯ ಪಕ್ಕಕ್ಕೆ ತಂದಿಡುತ್ತಾರೆ. ಒಲೆ ಆರಿದಾಗ ಮರಿಗೆ ಎಲ್ಲೋ ಮೂಲೆಯಲ್ಲಿರುತ್ತದೆ. ವಚನದಲ್ಲಿ ಒಲೆ ಮತ್ತು ಮರಿಗೆ ಅಕ್ಕಪಕ್ಕ ಬಂದಿವೆ; ಹಾಗಾದರೆ ಒಲೆ ಉರಿಯುತ್ತಿದ್ದಾಗಲೇ ಕಪ್ಪೆಗಳು ಬಂದವು. ಎರಡು ಪದಗಳ ನೆರೆಹೊರೆಯಿಂದ ಇಷ್ಟನ್ನು ಹೊರತೆಗೆಯುವುದು ರಬ್ಬಿಗಳ ಓದಿನ ಕ್ರಮ. ಅದರ ಬಲವಿರುವುದು ರೊಟ್ಟಿ ಸುಡುವವರ ಕೈಕೆಲಸವನ್ನು ಗಮನಿಸಿದ್ದರಲ್ಲಿ.

ಥೊದೋಸ್ ಯಾವ ದಶಕದವನೆಂದು ತಾಲ್ಮುಡ್ ಹೇಳುವುದಿಲ್ಲ. ಊರು ಮಾತ್ರ ಖಚಿತ. ಕ್ರಿ.ಪೂ. 63ರಲ್ಲಿ ಪಾಂಪೆ ಯೆರೂಸಲೇಮನ್ನು ಗೆದ್ದು ಕರೆತಂದ ಸೆರೆಯಾಳುಗಳಿಂದ ರೋಮಿನ ಯೆಹೂದಿ ಸಮುದಾಯ ಹಿಗ್ಗಿತು; ಟೈಬರ್ ನದಿಯಾಚೆಯ ಕೇರಿಯಲ್ಲಿ ಅವರು ನೆಲೆಸಿದ್ದರೆಂದು ಅಲೆಕ್ಸಾಂಡ್ರಿಯಾದ ಫೀಲೋ ಬರೆದಿದ್ದಾನೆ. ಕ್ರಿ.ಶ. 40ರಲ್ಲಿ ಕಲಿಗುಲ ಚಕ್ರವರ್ತಿ ಯೆರೂಸಲೇಮಿನ ದೇವಾಲಯದೊಳಗೇ ತನ್ನ ಪ್ರತಿಮೆ ನಿಲ್ಲಿಸಲು ಹೊರಟಿದ್ದ. ಚಕ್ರವರ್ತಿಗಳ ಪ್ರತಿಮೆಗಳಿಗೆ ಪೂಜೆ ಸಲ್ಲುತ್ತಿದ್ದ ನಗರದಲ್ಲಿ ನಿಂತು, ಹಳೆಯ ಕಾಲದ ರಾಜನೊಬ್ಬನ ಪ್ರತಿಮೆಗೆ ಬಾಗದವರ ಕಥೆ ಹೇಳುವವನು ಬ್ಯಾಬಿಲೋನಿನ ಬಗ್ಗೆ ಮಾತ್ರ ಮಾತಾಡುತ್ತಿದ್ದಾನೆ ಎಂದು ಕೇಳುಗರು ತಿಳಿದಿರಲಾರರು.

ಯಾವಾಗ ಸಾಯಬೇಕು, ಯಾವಾಗ ಸಾಯಬಾರದು ಎಂಬುದು ಆ ಕಾಲದ ಯೆಹೂದ್ಯರಿಗೆ ಕಾನೂನಿನ ಪ್ರಶ್ನೆಯಾಗಿತ್ತು. ಕ್ರಿ.ಪೂ. 167ರಲ್ಲಿ ಆಂಟಿಯೋಕಸ್ ದೊರೆ ಯೆಹೂದಿ ಆಚರಣೆಗಳನ್ನು ನಿಷೇಧಿಸಿದಾಗ ಅದಕ್ಕೆ ಬಗ್ಗದೆ ಸತ್ತವರ ಕಥೆಗಳು ಮಕ್ಕಬಿಯರ ಎರಡನೆಯ ಗ್ರಂಥದಲ್ಲಿವೆ. ದಾನಿಯೇಲನ ಗ್ರಂಥ ಈಗಿನ ರೂಪ ಪಡೆದದ್ದೂ ಆ ದಿನಗಳಲ್ಲೇ ಎಂದು ಬಹುಪಾಲು ಸಂಶೋಧಕರು ಹೇಳುತ್ತಾರೆ. ಮುಂದೆ ಲೋದ್ ಊರಿನ ಒಂದು ಮಹಡಿಕೋಣೆಯಲ್ಲಿ ಸೇರಿದ ಪಂಡಿತರು ಮಿತಿ ಹಾಕಿದರು: ವಿಗ್ರಹಾರಾಧನೆ, ನಿಷಿದ್ಧ ಸಂಬಂಧ, ಕೊಲೆ ಈ ಮೂರನ್ನು ಮಾಡೆಂದು ಬಲವಂತ ಬಂದರೆ ಪ್ರಾಣ ಕೊಡಬೇಕು, ಉಳಿದ ಯಾವ ವಿಧಿಯನ್ನಾದರೂ ಮುರಿದು ಬದುಕಬೇಕು. ವಿಧಿಗಳು ಮನುಷ್ಯ ಬದುಕುವುದಕ್ಕೆ ಇರುವವು ಎಂಬ ಯಾಜಕಕಾಂಡದ ಮಾತೇ ಇದಕ್ಕೆ ಆಧಾರ. ಪೀಡನೆಯ ಕಾಲಕ್ಕೂ ಬಹಿರಂಗವಾಗಿ ಬಂದ ಬಲವಂತಕ್ಕೂ ನಿಯಮ ಇನ್ನಷ್ಟು ಕಠಿಣ. ಬಾರ್ ಕೋಖ್ಬಾ ದಂಗೆಯ (ಕ್ರಿ.ಶ. 132–135) ಕಾಲದಲ್ಲಿ ರೋಮನ್ನರು ಕಬ್ಬಿಣದ ಬಾಚಣಿಗೆಗಳಿಂದ ಮೈ ಸುಲಿದು ಕೊಂದ ರಬ್ಬಿ ಅಕೀವ, ಒಂದೇ ಕಪ್ಪೆಯ ಕಥೆ ಹೇಳಿದ ಆ ಅಕೀವನೇ. ಅವನು ಶ್ರದ್ಧಾಘೋಷವನ್ನು ಉಚ್ಚರಿಸುತ್ತಲೇ ಪ್ರಾಣ ಬಿಟ್ಟನೆಂದು ತಾಲ್ಮುಡ್ ಹೇಳುತ್ತದೆ.

ಈ ಹಿನ್ನೆಲೆಯಲ್ಲಿ ಥೊದೋಸನ ಪ್ರಶ್ನೆಯೇ ತೊಡಕಿನದು. ಪ್ರತಿಮೆಗೆ ಅಡ್ಡಬೀಳುವುದು ವಿಗ್ರಹಾರಾಧನೆ, ಪ್ರಾಣ ಕೊಡಲೇಬೇಕು. ಮತ್ತೆ ಕಪ್ಪೆಯ ನಿದರ್ಶನ ಯಾಕೆ ಬೇಕಾಯಿತು? ಬದುಕುವುದಕ್ಕಾಗಿಯೇ ವಿಧಿಗಳು ಎಂಬ ವಾದವನ್ನು ಅವರು ಯಾಕೆ ಹಿಡಿಯಲಿಲ್ಲ ಎಂಬುದೇ ಇಲ್ಲಿನ ಪ್ರಶ್ನೆ ಎಂದು ರಷಿ ವಿವರಿಸಿದ. ಅವನ ಮೊಮ್ಮಗ ರಬ್ಬೇನು ತಾಮ್ (1100–1171) ಇದರಿಂದ ತೃಪ್ತನಾಗಲಿಲ್ಲ. ಆ ಪ್ರತಿಮೆ ದೇವರ ವಿಗ್ರಹವೇ ಅಲ್ಲ, ರಾಜನ ಗೌರವಕ್ಕೆ ನಿಲ್ಲಿಸಿದ್ದು ಮಾತ್ರ; ಕಾನೂನಿನ ಪ್ರಕಾರ ಅವರು ಸಾಯಬೇಕಾಗಿರಲಿಲ್ಲ, ಆದರೂ ಒಪ್ಪಿ ನಡೆದರು, ಅದಕ್ಕೇ ಕಪ್ಪೆಯ ಆಧಾರ ಬೇಕಾಯಿತು ಎಂಬುದು ಅವನ ವಾದ. ತಾಮನ ಸೋದರಳಿಯ, ದಾಂಪಿಯೆರ್‌ನ ಇಸಾಕ್ ಇನ್ನೊಂದು ದಾರಿ ಹಿಡಿದ: ದಾನಿಯೇಲನಂತೆ ಅವರೂ ಊರು ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲವೇಕೆ ಎಂಬುದೇ ಪ್ರಶ್ನೆ.

ಮೇಲ್ನೋಟಕ್ಕೆ ಪಂಡಿತರ ಕೂದಲು ಸೀಳುವ ಕೆಲಸ. ಆದರೆ 1096ರಲ್ಲಿ ಮೊದಲ ಕ್ರುಸೇಡಿನ ಗುಂಪುಗಳು ರೈನ್ ತೀರದ ವರ್ಮ್ಸ್, ಮೈನ್ಸ್ ಪಟ್ಟಣಗಳ ಯೆಹೂದ್ಯರ ಮೇಲೆ ಬಿದ್ದು, ದೀಕ್ಷಾಸ್ನಾನ ಇಲ್ಲವೇ ಸಾವು ಎಂದಿದ್ದವು. ಹಲವರು ಶತ್ರುವಿನ ಕೈಗೆ ಸಿಗುವ ಮೊದಲು ತಮ್ಮನ್ನೂ ತಮ್ಮ ಮಕ್ಕಳನ್ನೂ ತಾವೇ ಕೊಂದುಕೊಂಡರು. ಆ ಘಟನೆಗಳನ್ನು ದಾಖಲಿಸಿದ ಹೀಬ್ರೂ ವೃತ್ತಾಂತಗಳು ಸತ್ತವರನ್ನು ಹೋಲಿಸುವುದು ಹನನ್ಯ, ಮೀಶಾಯೇಲ, ಅಜರ್ಯರಿಗೆ ಮತ್ತು ಅಕೀವನಿಗೆ. 1147ರಲ್ಲಿ ಎರಡನೆಯ ಕ್ರುಸೇಡಿನವರು ರಾಮರ್ಯು ಊರಿನಲ್ಲಿ ರಬ್ಬೇನು ತಾಮನ ಮನೆಯನ್ನೇ ಲೂಟಿ ಮಾಡಿ, ಅವನನ್ನು ಹೊಲಕ್ಕೆ ಎಳೆದೊಯ್ದು ತಲೆಗೆ ಐದು ಗಾಯ ಮಾಡಿದರು. ಆ ದಾರಿಯಲ್ಲಿ ಬಂದ ಒಬ್ಬ ಸರದಾರನಿಗೆ ಕುದುರೆಯೊಂದನ್ನು ಕೊಡುವುದಾಗಿ ಮಾತುಕೊಟ್ಟು ಅವನು ಉಳಿದುಕೊಂಡನೆಂದು ಬಾನ್‌ನ ಎಫ್ರಾಯಿಮ್ ಬರೆದಿದ್ದಾನೆ. ಕಡ್ಡಾಯವಿಲ್ಲದಾಗಲೂ ಸಾಯಬಹುದೇ ಎಂದು ಬರೆದವನು ಆ ಪ್ರಶ್ನೆಯನ್ನು ನೆತ್ತರಿನಲ್ಲೇ ಎದುರಿಸಿದ್ದ.

ದಕ್ಷಿಣದ ಇಸ್ಲಾಮೀ ನಾಡುಗಳಲ್ಲಿ ಉತ್ತರ ಬೇರೆಯಾಗಿತ್ತು. 1148ರಲ್ಲಿ ಅಲ್ಮೊಹದ್ ಪಡೆಗಳು ಕೊರ್ಡೋಬಾವನ್ನು ಹಿಡಿದಾಗ ಯೆಹೂದಿ ಕಾನೂನುಪಂಡಿತ ಮೈಮೊನಿಡೀಸ್ ಇನ್ನೂ ಹುಡುಗ. ಕುಟುಂಬ ಅಲೆದಾಡಿ ಮೊರಾಕೊದ ಫೆಜ್ ಸೇರಿತು. ಬಲವಂತಕ್ಕೆ ಹೊರಗೆ ಮಾತ್ರ ಇಸ್ಲಾಮನ್ನು ಒಪ್ಪಿದ ಯೆಹೂದ್ಯರು ಧರ್ಮಭ್ರಷ್ಟರೆಂದು ಒಬ್ಬ ರಬ್ಬಿ ತೀರ್ಪು ಕೊಟ್ಟಾಗ, ಮೈಮೊನಿಡೀಸನ ಹೆಸರಿನಲ್ಲಿರುವ ಪತ್ರವೊಂದು ಅದನ್ನು ಖಂಡಿಸಿ, ಸಾಧ್ಯವಾದವರು ಆ ದೇಶ ಬಿಟ್ಟು ಹೋಗಿ ಎಂದಿತು. ತನ್ನ ಕಾನೂನು ಸಂಗ್ರಹ ‘ಮಿಶ್ನೆ ತೋರಾ’ದಲ್ಲಿ ಅವನು ಹನನ್ಯ ಮತ್ತು ಗೆಳೆಯರನ್ನು ದೇವನಾಮವನ್ನು ಪವಿತ್ರಗೊಳಿಸಿದವರ ಸಾಲಿನಲ್ಲಿ ನಿಲ್ಲಿಸುತ್ತಾನೆ. ಆದರೆ ಸಾಯಬೇಕಾಗಿಲ್ಲದ ಕಡೆ ಸತ್ತವನು ತನ್ನ ಜೀವಕ್ಕೆ ತಾನೇ ಹೊಣೆಗಾರ ಎಂದೂ ಅಷ್ಟೇ ಖಚಿತವಾಗಿ ಬರೆಯುತ್ತಾನೆ. ರೈನ್ ತೀರದ ಪರಂಪರೆಗೆ ಒಲೆಗೆ ಹಾರಿದ ಕಪ್ಪೆ ಆದರ್ಶ. ಮೈಮೊನಿಡೀಸನ ಕಾನೂನಿನಲ್ಲಿ ಅದಕ್ಕೆ ಜಾಗ ಕಡಿಮೆ.

ಕಪ್ಪೆಯ ತರ್ಕಕ್ಕೆ ಇನ್ನೊಂದು ನೇರವಾದ ಆಕ್ಷೇಪವಿದೆ. ಕಪ್ಪೆಗಳಿಗೆ ವಿಧಿ ಇರಲಿಲ್ಲ ಎನ್ನುವುದು ಹೇಗೆ? ಒಲೆಗಳಿಗೂ ಹೋಗುತ್ತವೆ ಎಂದು ದೇವರೇ ನುಡಿದಿದ್ದಾನಲ್ಲ? ಯೆಶಿವಾ ಪಾಠಶಾಲೆಗಳಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದ, ಹಲವೊಮ್ಮೆ ವಿಲ್ನಾದ ಗಾಓನ್ ಎಲಿಯಾಹು (1720–1797) ಬಾಲ್ಯದಲ್ಲೇ ಕೊಟ್ಟನೆನ್ನುವ ಉತ್ತರ ಸೊಗಸಾಗಿದೆ. ಆಜ್ಞೆ ಇದ್ದದ್ದು ಕಪ್ಪೆಗಳ ಹಿಂಡಿಗೆ. ಹಾಸಿಗೆ, ಕೋಣೆ, ಸೇವಕರ ಮನೆ, ಒಲೆ ಎಂದು ಜಾಗಗಳ ಪಟ್ಟಿ ಇತ್ತು. ಇಂಥ ಕಪ್ಪೆ ಇಂಥಲ್ಲಿಗೇ ಹೋಗಬೇಕೆಂದಿರಲಿಲ್ಲ. ಪ್ರತಿ ಕಪ್ಪೆಯೂ ರಾಜನ ಮೆತ್ತನೆಯ ಹಾಸಿಗೆಯನ್ನು ಆರಿಸಿಕೊಂಡು, ಒಲೆಯನ್ನು ಇನ್ನೊಂದಕ್ಕೆ ಬಿಡಬಹುದಿತ್ತು. ಬಿಡದೆ ತಾನೇ ಹಾರಿದ್ದು ಆ ಒಂದೊಂದು ಕಪ್ಪೆಯ ಸ್ವಂತ ಆಯ್ಕೆ.

ಒಲೆಯ ಕಪ್ಪೆಗಳ ಗತಿ ಏನಾಯಿತು ಎಂಬುದಕ್ಕೂ ವ್ಯಾಖ್ಯಾನಕಾರರು ವಚನದಲ್ಲೇ ಉತ್ತರ ಕಂಡರು. 8:13ರಲ್ಲಿ ಮನೆ, ಅಂಗಳ, ಹೊಲಗಳ ಕಪ್ಪೆಗಳು ಸತ್ತವೆಂದಿದೆ, ಒಲೆಯ ಹೆಸರಿಲ್ಲ. ಆದ್ದರಿಂದ ಜೀವದಾಸೆ ಬಿಟ್ಟು ಬೆಂಕಿಗೆ ಇಳಿದವು ಮಾತ್ರ ಬದುಕಿ ನೈಲ್ ನದಿಗೆ ಮರಳಿದವು ಎಂದು ಮಿದ್ರಾಶ್ ಹೇಳಿತು. ಆದರೆ ಇದೇ ಪರಂಪರೆ ಇನ್ನೊಂದು ಎಚ್ಚರಿಕೆಯನ್ನೂ ಇಟ್ಟುಕೊಂಡಿದೆ. ದೇವರು ಉಳಿಸಬಲ್ಲ, ಉಳಿಸದಿದ್ದರೂ ನಾವು ಬಾಗುವುದಿಲ್ಲ ಎಂದೇ ಆ ಮೂವರು ರಾಜನಿಗೆ ಹೇಳಿದ್ದರು. ಪವಾಡ ನಡೆಯುತ್ತದೆಂದು ನಂಬಿ ಪ್ರಾಣ ಒಡ್ಡುವವನಿಗೆ ಪವಾಡ ನಡೆಯುವುದಿಲ್ಲ ಎಂದು ಯಾಜಕಕಾಂಡದ ಮಿದ್ರಾಶ್ ಆದ ‘ಸಿಫ್ರಾ’ ಅವರನ್ನು ನೆನೆದೇ ಬರೆದಿದೆ.

ದೇವರನ್ನು ಸ್ತುತಿಸುವ ಪ್ರಾಣಿಪಕ್ಷಿಗಳ ನುಡಿಗಳನ್ನು ಜೋಡಿಸಿದ ‘ಪೆರೆಕ್ ಶೀರಾ’ ಎಂಬ ಕಿರುಹೊತ್ತಗೆಯಲ್ಲಿ ಪ್ರಾರ್ಥನೆ ಮತ್ತು ಪ್ರಾಣತ್ಯಾಗ ಎರಡೂ ಒಂದೇ ಕಪ್ಪೆಯಲ್ಲಿ ಕೂಡುತ್ತವೆ. ಕೀರ್ತನೆಗಳನ್ನು ಬರೆದು ಮುಗಿಸಿದ ದಾವೀದ ರಾಜ, ನನ್ನಷ್ಟು ಸ್ತುತಿ ಮಾಡಿದವರು ಯಾರಿದ್ದಾರೆ ಎಂದು ಬೀಗುತ್ತಾನೆ. ಎದುರಾದ ಕಪ್ಪೆಯೊಂದು, ನಾನು ನಿನಗಿಂತ ಹೆಚ್ಚು ಹಾಡುತ್ತೇನೆ, ಅಷ್ಟೇ ಅಲ್ಲ, ನೀರಿನಿಂದಲೇ ಬದುಕುವ ದಡದ ಜೀವಿಯೊಂದಕ್ಕೆ ಹಸಿವಾದಾಗ ನಾನು ಆಹಾರವಾಗುತ್ತೇನೆ ಎನ್ನುತ್ತದೆ. ರಾಜನಿಗೆ ಪಾಠ ಹೇಳಲು ಹದ್ದು, ಸಿಂಹಗಳನ್ನು ಬಿಟ್ಟು ಕಪ್ಪೆಯನ್ನು ಆರಿಸಿದ್ದು ಆಕಸ್ಮಿಕ ಇರಲಾರದು.

ಇನ್ನು ಮೋಶೆಯ ಕೂಗು. ಬೇರೆ ಬಾಧೆಗಳು ನಿಲ್ಲಬೇಕಾದಾಗ ಮೋಶೆ ಬೇಡಿಕೊಂಡ ಎಂದೋ, ಆಲಿಕಲ್ಲಿನ ಬಾಧೆಯಲ್ಲಿ ಕೈಚಾಚಿದ ಎಂದೋ ಇದೆ. ಕಪ್ಪೆಗಳ ವಿಷಯದಲ್ಲಿ ಮಾತ್ರ, 8:12ರಲ್ಲಿ, ಅವನು ಕೂಗುತ್ತಾನೆ. ಈಜಿಪ್ಟಿನ ಗುಲಾಮರು ಸಂಕಟದಲ್ಲಿ ಇಟ್ಟ ಮೊರೆಗೂ ಬೈಬಲ್ ಬಳಸುವುದು ಕೂಗಿನ ಮಾತನ್ನೇ. ಪೀಡಿತರ ಕಂಠದ ಕೂಗನ್ನು ಪೀಡಕನ ಸಲುವಾಗಿ ಹಾಕಬೇಕಾದದ್ದು ಯಾಕೆ?

ಮಿದ್ರಾಶ್ ಕೊಡುವ ಕಾರಣ ಸದ್ದು. ಕಪ್ಪೆಗಳು ಮಾಡಿದ ಹಾನಿಗಿಂತ ಅವುಗಳ ವಟವಟವೇ ದುಸ್ಸಹವಾಗಿತ್ತು. ಮಧ್ಯಯುಗದವರು ಕಾರಣವನ್ನು ಮೋಶೆ ಆಡಿದ ಮಾತಿನಲ್ಲಿ ಹುಡುಕಿದರು. ಯಾವಾಗ ಹೋಗಬೇಕೆಂದು ನೀನೇ ಹೇಳು ಎಂದು ಮೋಶೆ ಫರೋಹನಿಗೆ ಬಿಟ್ಟುಕೊಟ್ಟಿದ್ದ. ಫರೋಹ ಈಗಲೇ ಎನ್ನದೆ, ನಾಳೆ ಎಂದ. ಹಾಸಿಗೆಯಲ್ಲಿ ಕಪ್ಪೆ ಇಟ್ಟುಕೊಂಡು ಇನ್ನೊಂದು ರಾತ್ರಿ ಕಳೆಯುವವರು ಯಾರು? ಬ್ಯಾಬಿಲೋನಿನ ಸೂರಾ ವಿದ್ಯಾಪೀಠದ ಮುಖ್ಯಸ್ಥನಾಗಿದ್ದ ಶ್ಮುಯೇಲ್ ಬೆನ್ ಹೊಫ್ನಿಯ ಹೆಸರಿನಲ್ಲಿ ಬಂದಿರುವ ವಿವರಣೆ ಹೀಗಿದೆ: ಬಾಧೆ ಗ್ರಹಗತಿಯಿಂದ ಬಂದದ್ದು, ಅದು ಮುಗಿಯುವ ಗಳಿಗೆ ಮೋಶೆಗೆ ಗೊತ್ತಿದೆ, ಅದಕ್ಕೇ ಧೈರ್ಯವಾಗಿ ಮಾತಾಡುತ್ತಿದ್ದಾನೆ ಎಂದು ಫರೋಹ ಶಂಕಿಸಿದ, ಪರೀಕ್ಷಿಸಲೆಂದು ಒಂದು ದಿನ ಮುಂದೆ ಹಾಕಿದ. ದೇವರನ್ನು ಮೊದಲು ಕೇಳದೆ ರಾಜನಿಗೆ ಗಡುವು ಕೊಟ್ಟು ಬಂದಿದ್ದರಿಂದ, ಮಾತು ಉಳಿಸಿಕೊಳ್ಳಲು ಮೋಶೆ ಪ್ರಾಣ ಬಾಯಿಗೆ ಬಂದವನಂತೆ ಕೂಗಬೇಕಾಯಿತು ಎಂಬುದು ಒಂದು ವ್ಯಾಖ್ಯಾನಧಾರೆ.

ಇಟಲಿಯ ಒವಾದ್ಯ ಸ್ಫೋರ್ನೊ (ಸುಮಾರು 1475–1550) ವೈದ್ಯನೂ ಹೌದು. ಅವನ ಕಾರಣ ಬೇರೆ. ಕಪ್ಪೆಗಳು ಪೂರ್ತಿ ತೊಲಗಲಿ ಎಂದು ಮೋಶೆ ಕೇಳಲಿಲ್ಲ. ಮನೆಗಳಿಂದ ಹೋಗಲಿ, ನದಿಯಲ್ಲಿ ಉಳಿಯಲಿ ಎಂದ. ಆಕಾಶದಿಂದ ಅರ್ಧ ವರ ಇಳಿಯುವುದಿಲ್ಲ ಎಂಬುದು ತಾಲ್ಮುಡ್‌ನ ಮಾತು. ಇಂಥ ಅರ್ಧ ವರಕ್ಕೆ ಸಾಧಾರಣ ಪ್ರಾರ್ಥನೆ ಸಾಲದು, ಕೂಗೇ ಬೇಕು. ಇದೇ ಮೋಶೆ ನೈಲ್ ನದಿಗೆ ಕೋಲು ಎತ್ತಿದವನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕೂಸಾಗಿದ್ದಾಗ ಬುಟ್ಟಿಯಲ್ಲಿ ತೇಲಿಬಿಟ್ಟ ತನ್ನನ್ನು ಕಾಪಾಡಿದ ನದಿಯನ್ನು ಅವನು ಹೊಡೆಯಲಾರ, ಅದಕ್ಕೇ ರಕ್ತ ಮತ್ತು ಕಪ್ಪೆ ಎರಡೂ ಬಾಧೆಗಳನ್ನು ತಂದದ್ದು ಆರೋನನ ಕೈ ಎಂದು ರಷಿ ಮಿದ್ರಾಶನ್ನು ಅನುಸರಿಸಿ ಬರೆದಿದ್ದಾನೆ. ಬಾಧೆ ತರುವಾಗ ಹಿಂದೆ ನಿಂತವನು ತೆಗೆಯುವಾಗ ಮುಂದೆ ಬಂದ.

ಪ್ರಾರ್ಥನೆಯಲ್ಲಿ ದನಿ ಎಷ್ಟಿರಬೇಕು ಎಂಬುದು ಯೆಹೂದಿ ಪರಂಪರೆಯಲ್ಲಿ ಸಣ್ಣ ವಿಷಯವಲ್ಲ. ತಾಲ್ಮುಡ್ ಪ್ರಾರ್ಥನೆಯನ್ನು ಹೃದಯದ ಸೇವೆ ಎಂದು ಕರೆದು, ತುಟಿ ಮಾತ್ರ ಅಲುಗಿಸಿ ದನಿಯಿಲ್ಲದೆ ಬೇಡಿದ ಬೈಬಲ್ಲಿನ ಹನ್ನಳನ್ನು ಮಾದರಿಯಾಗಿಟ್ಟಿತು. ದಿನದ ಮುಖ್ಯ ಪ್ರಾರ್ಥನೆಯನ್ನು ಇಂದಿಗೂ ಮೆಲ್ಲನೆಯೇ ಹೇಳುತ್ತಾರೆ. ಆದ್ದರಿಂದ ಮೋಶೆಯ ಕೂಗು ದನಿಯ ಏರಿಕೆಗಿಂತ ಎದೆಯ ಒತ್ತಡವನ್ನು ಸೂಚಿಸುತ್ತದೆ ಎಂಬ ಓದು ಬೆಳೆಯಿತು. ಹದಿನೆಂಟನೆಯ ಶತಮಾನದ ಪೂರ್ವ ಯುರೋಪಿನಲ್ಲಿ ಬಾಲ್ ಶೇಮ್ ತೋವ್ (ಮರಣ 1760) ಮತ್ತು ಅವನ ಶಿಷ್ಯರು ಕಟ್ಟಿದ ಹಸೀದಿ ಚಳವಳಿ ಈ ಸಮತೋಲವನ್ನು ಅಲುಗಾಡಿಸಿತು. ಹಸೀದಿಗಳು ತೂಗಾಡುತ್ತ, ಕೈ ಬೀಸುತ್ತ, ಕೂಗುತ್ತ ಪ್ರಾರ್ಥಿಸಿದರು. 1772ರಲ್ಲಿ ವಿಲ್ನಾದಲ್ಲಿ ಅವರ ಮೇಲೆ ಬಹಿಷ್ಕಾರ ಬಿದ್ದಾಗ ಅವರ ಪ್ರಾರ್ಥನೆಯ ರೀತಿಯೂ ಆರೋಪಗಳಲ್ಲಿ ಒಂದಾಗಿತ್ತು. ಹೊಳೆಯಲ್ಲಿ ಮುಳುಗುತ್ತಿರುವವನು ಕೈಕಾಲು ಬಡಿದರೆ ಯಾರೂ ನಗುವುದಿಲ್ಲ, ಹಾಗೆಯೇ ಪ್ರಾರ್ಥಿಸುವವನನ್ನು ನೋಡಿ ನಗಬೇಡಿ ಎಂಬ ಸಮರ್ಥನೆ ಬಾಲ್ ಶೇಮ್ ತೋವ್‌ನ ಹೆಸರಿನಲ್ಲಿದೆ. ಅವನ ಉಪದೇಶಗಳೆಂದು 1793ರಲ್ಲಿ ಅಚ್ಚಾದ ‘ತ್ಸವಾಅತ್ ಹರಿವಶ್’ ಇನ್ನೂ ಮುಂದೆ ಹೋಗಿ, ತನ್ನೆಲ್ಲ ಶಕ್ತಿ ಸುರಿದು ಪ್ರಾರ್ಥಿಸಿದವನು ಪ್ರಾರ್ಥನೆಯ ನಂತರವೂ ಬದುಕಿರುವುದೇ ದೇವರ ಕೃಪೆ ಎನ್ನುತ್ತದೆ. ಪ್ರಾಣಾರ್ಪಣೆಗೆ ಆವಿಗೆಯೂ ಬೇಡ, ದಬ್ಬಾಳಿಕೆಯ ರಾಜನೂ ಬೇಡ. ಬೆಳಗಿನ ಪ್ರಾರ್ಥನೆಯೇ ಸಾಕು ಎಂಬಲ್ಲಿಗೆ ವಿಚಾರ ತಿರುಗಿತು.

ಹಸೀದಿ ಪ್ರವಚನಕಾರರು ಕಪ್ಪೆಯನ್ನೂ ಈ ದಿಕ್ಕಿಗೆ ಎಳೆದರು. ಲುಬಾವಿಚ್ ಪಂಥದ ಏಳನೆಯ ಗುರು ಮೆನಾಖೆಮ್ ಮೆಂಡೆಲ್ ಶ್ನೇರ್ಸನ್ (1902–1994) ಮೊದಲ ಎರಡು ಬಾಧೆಗಳನ್ನು ಜೋಡಿಯಾಗಿ ಓದಿದರು: ತಣ್ಣನೆಯ ನೀರು ಬಿಸಿ ರಕ್ತವಾಗುತ್ತದೆ, ತಣ್ಣನೆಯ ಮೈಯ ಕಪ್ಪೆ ಬಿಸಿ ಒಲೆಗೆ ಇಳಿಯುತ್ತದೆ. ದೇವರ ವಿಷಯದಲ್ಲಿ ತಣ್ಣಗಿರುವುದು ಹೋಗಬೇಕು, ಲೋಕದ ಚಪಲದಲ್ಲಿರುವ ಕಾವು ಇಳಿಯಬೇಕು ಎಂಬುದು ಈ ಓದಿನ ದಿಕ್ಕು. ಥೊದೋಸನ ಕಪ್ಪೆ ಸಾಯಲು ಹೋದರೆ, ಈ ಕಪ್ಪೆ ಒಲೆಯನ್ನು ನಂದಿಸಲು ಹೋಗುತ್ತದೆ.

ಜನಸಾಮಾನ್ಯರ ಪಸ್ಕ ಹಬ್ಬದಲ್ಲಿ ಇಷ್ಟೆಲ್ಲ ಗಾಂಭೀರ್ಯ ಇರುವುದಿಲ್ಲ. ರಾತ್ರಿಯ ಊಟದ ಮೊದಲು ಬಾಧೆಗಳ ಹೆಸರು ಓದುತ್ತ ಒಂದೊಂದಕ್ಕೂ ಬಟ್ಟಲಿನಿಂದ ಒಂದು ಹನಿ ದ್ರಾಕ್ಷಾರಸ ತೆಗೆಯುತ್ತಾರೆ. ಅನೇಕ ಮನೆಗಳಲ್ಲಿ ಕಪ್ಪೆಗಳ ಸರದಿ ಬಂದಾಗ ಮೇಜಿನ ಮೇಲೆ ಪ್ಲಾಸ್ಟಿಕ್ ಕಪ್ಪೆಗಳು ಜಿಗಿಯುತ್ತವೆ. ಪಂಡಿತರ ಓದು ಬೇರೆ ಪಂಚಾಂಗದ ಮೇಲೆ ನಡೆಯುತ್ತದೆ. ಬಾಧೆಗಳ ಅಧ್ಯಾಯವನ್ನು ಸಭಾಮಂದಿರಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯಲ್ಲಿ, ಓದುತ್ತಾರೆ. ಥೊದೋಸನ ಹಾಳೆ ಬರುವುದು ದಿನಕ್ಕೊಂದು ಹಾಳೆಯಂತೆ ಇಡೀ ತಾಲ್ಮುಡನ್ನು ಓದುವ ‘ದಾಫ್ ಯೋಮಿ’ ಕ್ರಮದಲ್ಲಿ. ಪೋಲೆಂಡಿನ ರಬ್ಬಿ ಮೇಯಿರ್ ಶಪೀರೊ ಮುಂದಿಟ್ಟ ಈ ಯೋಜನೆ 1923ರಲ್ಲಿ ಆರಂಭವಾಯಿತು. ಈಗ ಅದರ ಒಂದು ಸುತ್ತಿಗೆ 2,711 ದಿನ, ಅಂದರೆ ಸುಮಾರು ಏಳೂವರೆ ವರ್ಷ ಹಿಡಿಯುತ್ತದೆ. ಎರಡು ಪಂಚಾಂಗಗಳು ಕೂಡುವುದು ಅಪರೂಪ. 2021ರಲ್ಲಿ ಕೂಡಿದವು: ಕಪ್ಪೆಗಳ ಅಧ್ಯಾಯ ಸಭಾಮಂದಿರಗಳಲ್ಲಿ ಜನವರಿ 16ರ ಸಬ್ಬತ್ ದಿನಕ್ಕೆ ಬಂತು, ಪಸ್ಕ ಸಂಪುಟದ 53ನೆಯ ಹಾಳೆ ಅದೇ ವಾರದ ಬುಧವಾರ, ಜನವರಿ 13ಕ್ಕೆ.